ತಾಣಗಳ ಪಟ್ಟಿ ಸಾಕು, ಮಗುವಿಗೆ ಹಾಲು ಕುಡಿಸುವ ಜಾಗ ಎಲ್ಲಿದೆ ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ರಜೆ ಬಂತು ಅಂದ್ರೆ ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ನಮ್ಮ ಭಾಗದ ಪ್ರವಾಸಿ ತಾಣಗಳ ಪಟ್ಟಿ ಬರುತ್ತದೆ. ಆನೆಗೊಂದಿ, ಅಂಜನಾದ್ರಿ, ಸಾಣಾಪುರ ಕೆರೆ, ಇಟಗಿ, ಕುಕನೂರು, ತುಂಗಭದ್ರಾ ಡ್ಯಾಮು, ಆ ಕಡೆ ದರೋಜಿ ಕರಡಿಧಾಮ, ಈ ಕಡೆ ಮಸ್ಕಿ, ಮುದಗಲ್ಲು. ಫೋಟೊಗಳು ಚೆನ್ನಾಗಿರುತ್ತವೆ. ಎಷ್ಟು ಕಿಲೋಮೀಟರ್, ಯಾವ ಕಾಲದಲ್ಲಿ ಕಟ್ಟಿದ್ದು, ಯಾವ ಬಸ್ಸು ಹತ್ತಬೇಕು, ಎಲ್ಲಾ ಇರುತ್ತದೆ. ಆದರೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಹೋದವಳು ಅಲ್ಲಿ ಎಲ್ಲಿ ಕೂತು ಹಾಲು ಕುಡಿಸಬೇಕು, ಡೈಪರ್ ಎಲ್ಲಿ ಬದಲಿಸಬೇಕು, ಮಧ್ಯಾಹ್ನ ನೆರಳು ಎಲ್ಲಿ ಸಿಗುತ್ತದೆ ಅನ್ನೋದು ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಾನು ಕೊಪ್ಪಳದವಳು, ಇನ್ನೂ ವರ್ಷ ತುಂಬದ ಮಗಳ ತಾಯಿ, ಮತ್ತು ಮನೆಯಲ್ಲಿ ಕೂತಿರೋಕೆ ಆಗದ ಜಾತಿಯವಳು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕೋದು ನಿಮಗೆ ಬಿಟ್ಟಿದ್ದು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಯಾಕಂದ್ರೆ ಈ ಪತ್ರ ಓದುವ ಅರ್ಧ ಜನ ಅದನ್ನೇ ಕೇಳುತ್ತಾರೆ. "ಕೂಸಿನ್ನ ತಗೊಂಡು ಈ ಬಿಸಿಲಾಗ ಎಲ್ಲಿ ಹೊಂಟೀಯವ್ವಾ, ಸುಮ್ನ ಮನ್ಯಾಗ ಇರಬಾರದಾ?" ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದ ಅಜ್ಜಿಯೂ ಕೇಳುತ್ತಾಳೆ. ಪ್ರೀತಿಯಿಂದಲೇ ಕೇಳುತ್ತಾಳೆ, ಬೇಜಾರಿಲ್ಲ. ಆದರೆ ಯೋಚನೆ ಮಾಡಿ ನೋಡಿ, ನಮ್ಮ ಭಾಗದಲ್ಲಿ ಬಾಣಂತಿ ಮನೆಯಲ್ಲೇ ಇರುವುದು ಎಷ್ಟು ದಿನ? ತವರಿನಲ್ಲಿ ಬಾಣಂತನ ಮುಗೀತು ಅಂದ್ರೆ ಮಗು, ತೊಟ್ಟಿಲು, ಉಂಡಿ ಡಬ್ಬಿ ಎಲ್ಲಾ ಹೊತ್ತುಕೊಂಡು ಅತ್ತೆಮನೆಗೆ ಹೋಗಲೇಬೇಕು. ಅದು ಸಿಂಧನೂರಿನಿಂದ ಕುಷ್ಟಗಿ ಆಗಿರಬಹುದು, ಸಿರುಗುಪ್ಪದಿಂದ ಯಲಬುರ್ಗಾ ಆಗಿರಬಹುದು. ಆಮೇಲೆ ಮನೆದೇವರಿಗೆ ಹೋಗಬೇಕು. ಜವಳ ತೆಗೆಸಬೇಕು. ಹುಲಿಗಿಯ ಹುಲಿಗೆಮ್ಮನಿಗೆ ಹರಕೆ ಇದ್ದರೆ ಮಂಗಳವಾರವೋ ಶುಕ್ರವಾರವೋ ಹುಣ್ಣಿಮೆಗೋ ಹೋಗಬೇಕು, ಅವತ್ತೇ ಅಲ್ಲಿ ಜನ ಜಾಸ್ತಿ. ಜನವರಿಯಲ್ಲಿ ಗವಿಮಠದ ಜಾತ್ರೆ ಬಂದರೆ ಕೊಪ್ಪಳದಲ್ಲಿ ಯಾವ ಮನೆಯವರು ತಾನೇ ಮನೆಯಲ್ಲಿ ಉಳಿಯುತ್ತಾರೆ? ಇದರ ನಡುವೆ ಲಸಿಕೆಗೆ ಆರು, ಹತ್ತು, ಹದಿನಾಲ್ಕನೇ ವಾರದ ಓಡಾಟ ಬೇರೆ. ಅಂದರೆ ಹಾಲು ಕುಡಿಯುವ ಮಗುವಿನ ಜೊತೆ ಊರೂರು ತಿರುಗುವುದು ಈಗಿನ ಹುಡುಗಿಯರ ಹೊಸ ಶೋಕಿ ಏನಲ್ಲ. ನಮ್ಮ ಅಮ್ಮಂದಿರೂ ಎತ್ತಿನ ಗಾಡಿಯಲ್ಲಿ, ಕೆಂಪು ಬಸ್ಸಿನಲ್ಲಿ ತಿರುಗಿದವರೇ. ದೇವರಿಗೆ ಹೋದರೆ ಸರಿ, ಸುಮ್ನೆ ಗಂಡ ಹೆಂಡತಿ ಮಗು ಒಂದು ದಿನ ಗಾಳಿ ಕುಡಿಯೋಕೆ ಹೋದರೆ ತಪ್ಪು ಅನ್ನೋ ಲೆಕ್ಕ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಇನ್ನೊಂದು, 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮಂಥವರ ಓಡಾಟ ಹೆಚ್ಚಾಗಿದೆ. ಆಧಾರ್ ಕಾರ್ಡ್ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಳ್ಳೇದೇ ಆಯಿತು. ಮಗು ಇದೆ ಅಂತ ಗಂಡನ ಬಿಡುವಿಗೆ ಕಾಯಬೇಕಾಗಿಲ್ಲ, ಅಕ್ಕನನ್ನೋ ಅಮ್ಮನನ್ನೋ ಕರೆದುಕೊಂಡು ಹೊರಡಬಹುದು. ಟಿಕೆಟ್ ಪುಕ್ಕಟೆ ಮಾಡಿದ ಸರ್ಕಾರ ಬಸ್ಸಿಂದ ಇಳಿದ ಮೇಲೆ ಆ ಹೆಣ್ಣುಮಗಳು ಎಲ್ಲಿ ಕೂರಬೇಕು ಅನ್ನೋದನ್ನೂ ಯೋಚಿಸಬೇಕಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ಹಾಲುಣಿಸುವ ಕೊಠಡಿ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಲವು ಕಡೆ ಇದೆ. ಬಾಗಿಲ ಮೇಲೆ ಮಗುವನ್ನು ಎತ್ತಿಕೊಂಡ ತಾಯಿಯ ಚಿತ್ರ ಕೂಡ ಬರೆದಿರುತ್ತಾರೆ. ಬೀಗ ಹಾಕಿರುತ್ತದೆ, ಅಷ್ಟೇ! ನಮ್ಮ ಸುತ್ತಲಿನ ಒಂದು ದೊಡ್ಡ ಬಸ್ ನಿಲ್ದಾಣದಲ್ಲಿ, ಹೆಸರು ಬೇಡ ಬಿಡಿ, ಮಗಳು ಹಸಿವಿಗೆ ಕಿರುಚುತ್ತಿದ್ದಾಳೆ, ಕೀಲಿ ಕೇಳಿದರೆ ಕಂಟ್ರೋಲರ್ ಹತ್ತಿರ ಇದೆ ಅಂದರು, ಅಲ್ಲಿ ಹೋದರೆ ಸ್ವಚ್ಛ ಮಾಡುವ ಅಕ್ಕನ ಹತ್ತಿರ ಇದೆ ಅಂದರು, ಆ ಅಕ್ಕ ಊಟಕ್ಕೆ ಹೋಗಿದ್ದಳು. ಕೊನೆಗೆ ಬಂದು ತೆಗೆದಳು ಪಾಪ, ಒಳಗೆ ನೋಡಿದರೆ ಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಕುರ್ಚಿ, ಹಳೇ ಫ್ಲೆಕ್ಸ್ ಬ್ಯಾನರ್ ಸುರುಳಿ. ಫ್ಯಾನ್ ಇತ್ತು, ರೆಕ್ಕೆ ಇರಲಿಲ್ಲ. ನಾನು ಹೊರಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತು ಸೆರಗು ಮುಚ್ಚಿಕೊಂಡು ಕುಡಿಸಿದೆ. ಸೆರಗಿನ ಕೆಳಗೆ ಮಗುವಿಗೆ ಸೆಕೆ. ಅದು ಕೈಯಿಂದ ಸೆರಗು ಎಳೆಯುತ್ತದೆ, ನಾನು ಮತ್ತೆ ಮುಚ್ಚುತ್ತೇನೆ. ಎದುರಿಗೆ ಕೂತ ಗಂಡಸರಲ್ಲಿ ಇಬ್ಬರು ಮುಖ ಆ ಕಡೆ ತಿರುಗಿಸಿದರು, ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಅವನು ಏನು ನೋಡುತ್ತಿದ್ದನೋ ನನಗೆ ಗೊತ್ತಿಲ್ಲ. ಆದರೆ ಆ ಅನುಮಾನ ಒಂದೇ ಸಾಕು, ಎದೆಯ ಹಾಲು ಇಳಿಯುವುದಿಲ್ಲ. ತಾಯಂದಿರಿಗೆ ಇದು ಗೊತ್ತಿರುತ್ತದೆ. ಮನಸ್ಸು ಗಾಬರಿಯಾದರೆ ಹಾಲು ಸರಿಯಾಗಿ ಬರುವುದಿಲ್ಲ, ಮಗು ಇನ್ನೂ ಅಳುತ್ತದೆ, ಅದು ಅತ್ತಷ್ಟೂ ನಮಗೆ ಇನ್ನೂ ಗಾಬರಿ.

ಕೋರ್ಟುಗಳು ಏನು ಹೇಳಿವೆ ಅಂತ ಅಧಿಕಾರಿಗಳಿಗೆ ನೆನಪು ಮಾಡಬೇಕು. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಎದೆಹಾಲು ಕುಡಿಸುವುದು ತಾಯಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯಲ್ಲೇ ಬರುತ್ತದೆ ಅಂದಿದೆ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಜಾಗಗಳಲ್ಲಿ ಹಾಲುಣಿಸುವ ಕೊಠಡಿ, ಶಿಶುಪಾಲನಾ ಜಾಗ ಇರಬೇಕು, ಈಗಿರುವ ಕಟ್ಟಡಗಳಲ್ಲಿ ಆದಷ್ಟು ಮಾಡಿ, ಹೊಸದಾಗಿ ಕಟ್ಟುವುದಾದರೆ ಮೊದಲೇ ಜಾಗ ಬಿಡಿ ಅಂತ ಹೇಳಿತು. ಕೇಂದ್ರ ಸರ್ಕಾರ ಅದಕ್ಕೂ ಒಂದು ವರ್ಷ ಮುಂಚೆಯೇ, 2024ರ ಫೆಬ್ರುವರಿಯಲ್ಲಿ, ರಾಜ್ಯಗಳಿಗೆಲ್ಲ ಈ ಬಗ್ಗೆ ಸಲಹೆ ಕಳಿಸಿತ್ತು. ಆ ಸುಪ್ರೀಂ ಕೋರ್ಟ್ ಪೀಠದಲ್ಲಿ ಇದ್ದವರಲ್ಲಿ ಒಬ್ಬರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಹೆಣ್ಣಿನ ಘನತೆಗೆ ಕುಂದು ತರುವ ಪದ್ಧತಿಗಳನ್ನು ಬಿಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಅನ್ನುವ 51ಎ(ಇ) ವಿಧಿಯನ್ನೂ ಪೀಠ ನೆನಪಿಸಿತು. ಹೊರಗೆ ಕೂತು ಹಾಲು ಕುಡಿಸುವವಳನ್ನು ಕೀಳಾಗಿ ನೋಡಬೇಡಿ ಅಂತ ಅದರ ಅರ್ಥ. ಆದೇಶ ದಿಲ್ಲಿಯಿಂದ ಹೊರಟಿದೆ. ನಮ್ಮ ತಾಲ್ಲೂಕುಗಳಿಗೆ ಬರುವ ದಾರಿಯಲ್ಲಿ ಎಲ್ಲೋ ಇಳಿದುಕೊಂಡಿರಬೇಕು.

ಕೊಠಡಿ ಅಂದ್ರೆ ದೊಡ್ಡ ಖರ್ಚು ಅಂತ ಅನುದಾನದ ಮಾತು ತೆಗೆಯಬೇಡಿ. ಬೇಕಾದ್ದು ಇಷ್ಟೇ. ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಹೊರಗೆ ಬೀಗ ಬೇಡವೇ ಬೇಡ. ಬೆನ್ನಿಗೆ ಆಸರೆ ಇರುವ ಎರಡು ಕುರ್ಚಿ, ಸಿಸೇರಿಯನ್ ಆದವಳು ಸ್ಟೂಲಿನ ಮೇಲೆ ಕೂತು ಮಗು ಹಿಡಿಯೋಕೆ ಆಗಲ್ಲ. ತಿರುಗುವ ಫ್ಯಾನು. ಕೈ ತೊಳೆಯೋಕೆ ನಲ್ಲಿ. ಮುಚ್ಚಳ ಇರುವ ಕಸದ ಡಬ್ಬಿ. ಕೊಠಡಿಯನ್ನು ಶೌಚಾಲಯದ ಒಳಗೆ ಮಾಡಬೇಡಿ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕಕ್ಕಸಿನ ಪಕ್ಕ ಕೂತು ನೀವು ಊಟ ಮಾಡುತ್ತೀರಾ? ಮತ್ತೆ ಡೈಪರ್ ಬದಲಿಸುವ ಹಲಗೆ ಇದೆಯಲ್ಲ, ಅದನ್ನು ಹಾಲುಣಿಸುವ ಕೊಠಡಿಯ ಒಳಗೆ ಇಡದೆ ಹೊರಗೆ ಒಂದು ಪರದೆ ಹಾಕಿ ಇಡಿ. ಯಾಕಂದ್ರೆ ಈಗಿನ ಅಪ್ಪಂದಿರು ಡೈಪರ್ ಬದಲಿಸುತ್ತಾರೆ, ಬದಲಿಸಲೂ ಬೇಕು. ನನ್ನ ಗಂಡ ನನಗಿಂತ ಬೇಗ ಬದಲಿಸುತ್ತಾನೆ. ಆದರೆ ಆ ಹಲಗೆ ಎಲ್ಲಾ ಕಡೆ ಹೆಂಗಸರ ಭಾಗದಲ್ಲೇ ಇರುತ್ತದೆ, ಅವನು ಒಳಗೆ ಬರುವಂತಿಲ್ಲ. ಹಾಗಾಗಿ ಅವನು ಬೈಕಿನ ಸೀಟಿನ ಮೇಲೆ ಟವೆಲ್ ಹಾಸಿ ಕೆಲಸ ಮುಗಿಸುತ್ತಾನೆ, ಸುತ್ತ ನಿಂತವರು ಸರ್ಕಸ್ ನೋಡಿದ ಹಾಗೆ ನೋಡುತ್ತಾರೆ. ಅಂದ ಹಾಗೆ ಬಳಸಿದ ಡೈಪರನ್ನು ಕಾಲುವೆಗೆ, ಕೆರೆ ದಂಡೆಗೆ ಎಸೆಯುವ ನಮ್ಮವರಿಗೂ ಒಂದು ಮಾತು, ಪೇಪರಿನಲ್ಲಿ ಸುತ್ತಿ ಮನೆಗೆ ತನ್ನಿ, ಕೈಗೇನೂ ಭಾರ ಆಗಲ್ಲ.

ಇನ್ನು ಜಾಗಗಳ ವಿಷಯ. ನಿಮ್ಮ ಪಟ್ಟಿಯಲ್ಲಿ ಅಂಜನಾದ್ರಿ ಯಾವಾಗಲೂ ಮೊದಲು ಬರುತ್ತದೆ. 575 ಮೆಟ್ಟಿಲು. ಎಳೆ ಮಗುವನ್ನು ಎತ್ತಿಕೊಂಡು ಹತ್ತುವವರನ್ನು ನೋಡಿದ್ದೇನೆ, ಅವರ ಭಕ್ತಿಗೆ ಕೈ ಮುಗಿಯುತ್ತೇನೆ, ಆದರೆ ಹೆರಿಗೆಯಾಗಿ ಸ್ವಲ್ಪ ತಿಂಗಳಾದವಳಿಗೆ ಅದು ಆಗದ ಕೆಲಸ. ಸೊಂಟ ಕೇಳುವುದಿಲ್ಲ. ರೋಪ್‌ವೇ ಮಾತು ಬಹಳ ದಿನದಿಂದ ಕೇಳುತ್ತಿದ್ದೇವೆ, ಬಂದ ದಿನ ನೋಡೋಣ. ಅಲ್ಲಿಯವರೆಗೆ ಒಬ್ಬರು ಮೇಲೆ ಹೋಗಿ ಬಂದು ಆಮೇಲೆ ಇನ್ನೊಬ್ಬರು ಹೋಗುವುದೇ ದಾರಿ, ಕೆಳಗೆ ಉಳಿದವರಿಗೆ ಕೂರೋಕೆ ಒಂದು ನೆರಳಿನ ಜಾಗ ಬೇಕು.

ನನ್ನನ್ನು ಕೇಳಿದರೆ ಮಗುವಿನ ಜೊತೆ ಮೊದಲು ಹೋಗಬೇಕಾದ ಜಾಗ ಇಟಗಿ. ಮಹಾದೇವ ದೇವಸ್ಥಾನ 1112ರಲ್ಲಿ ಕಟ್ಟಿದ್ದು, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ, ಇದೆಲ್ಲಾ ನೀವು ಬರೆದೇ ಇರುತ್ತೀರಿ. ನೀವು ಬರೆಯದೇ ಇರುವುದನ್ನು ನಾನು ಹೇಳುತ್ತೇನೆ. ಅಲ್ಲಿ ಹತ್ತುವ ಬೆಟ್ಟ ಇಲ್ಲ, ನೆಲ ಸಮ. ಸುತ್ತ ಹುಲ್ಲಿದೆ, ಬೆಳಿಗ್ಗೆ ಹೋದರೆ ಜನ ಕಡಿಮೆ. ಕಂಬಗಳ ಮಂಟಪದ ಒಳಗೆ ಕಲ್ಲು ತಣ್ಣಗಿರುತ್ತದೆ. ಮಗಳು ಆ ಕಂಬಗಳ ಹೊಳಪಿನಲ್ಲಿ ತನ್ನ ಮುಖ ಹುಡುಕುತ್ತಾ ಬಹಳ ಹೊತ್ತು ಆಡಿದಳು, ನಾವಿಬ್ಬರೂ ಎಷ್ಟೋ ದಿನದ ಮೇಲೆ ಪೂರ್ತಿ ಒಂದು ಮಾತು ಮಧ್ಯದಲ್ಲಿ ತುಂಡಾಗದೆ ಆಡಿದೆವು. ಪಕ್ಕದ ಕುಕನೂರಿಗೂ ಹೋಗಬಹುದು, ಆದರೆ ಒಂದೇ ದಿನ ಎರಡೂ ಬೇಡ. ಮಗು ಇದ್ದವರಿಗೆ ದಿನಕ್ಕೆ ಒಂದೇ ಜಾಗ. ಊಟ, ನೀರು ಎಲ್ಲಾ ಕಟ್ಟಿಕೊಂಡೇ ಹೋಗಬೇಕು, ರೊಟ್ಟಿ ಶೇಂಗಾ ಹಿಂಡಿ ಇದ್ದರೆ ಮುಗೀತು.

ದರೋಜಿ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕರಡಿ ನೋಡಬೇಕು ಅಂದ್ರೆ ಮಧ್ಯಾಹ್ನದ ಮೇಲೆ ಹೋಗಿ ವೀಕ್ಷಣಾ ಗೋಪುರದಲ್ಲಿ ಉಸಿರು ಬಿಗಿ ಹಿಡಿದು ಕೂರಬೇಕು. ಎಳೆ ಮಗುವಿಗೆ ಸುಮ್ಮನಿರು ಅಂತ ಹೇಳೋದು ಹೇಗೆ? ಕರಡಿ ಬರುವ ಹೊತ್ತಿಗೆ ಸರಿಯಾಗಿ ಅದು ಅಳುತ್ತದೆ, ಬೇರೆಯವರ ಕಣ್ಣು ಕೆಂಪಾಗುತ್ತವೆ. ಇನ್ನೆರಡು ವರ್ಷ ಬಿಟ್ಟು ಹೋಗಿ. ಕಿನ್ನಾಳಕ್ಕೆ ಮಾತ್ರ ಈಗಲೇ ಹೋಗಿ, ಅಲ್ಲಿನ ಚಿತ್ರಗಾರರು ಮರದಲ್ಲಿ ಗೊಂಬೆ ಮಾಡುವುದನ್ನು ಮಗು ನೋಡಲಿ, ಬಿಡಲಿ, ನೀವು ನೋಡಿ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಕಡೆ ಬ್ಯಾಟರಿ ಗಾಡಿ ಇದೆ, ದೇವಸ್ಥಾನದ ಒಳಗೆ ಹೋಗೋಕೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ಆ ಬಂಡೆಗಳು ಹೊತ್ತು ಏರಿದಂತೆ ಒಲೆ ಆಗುತ್ತವೆ, ಹತ್ತೂವರೆ ಒಳಗೆ ವಾಪಸ್ ಹೊರಟುಬಿಡಿ.

ಬಿಸಿಲಿನ ಮಾತು ಬಂತಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್, ಮೇ ಅಂದ್ರೆ 40 ಡಿಗ್ರಿ ದಾಟುವ ದಿನಗಳು. ಬೇಸಿಗೆ ರಜೆ ಅಂತ ನೀವು ಪಟ್ಟಿ ಹಾಕುವುದೂ ಅದೇ ತಿಂಗಳಲ್ಲಿ. ಕೂಸು ಇದ್ದವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ ಅಂತ ಒಂದು ಸಾಲು ಸೇರಿಸಿ. ಆರು ತಿಂಗಳ ತನಕ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುವುದೂ ಇದನ್ನೇ. ಎಷ್ಟೇ ಬಿಸಿಲಿರಲಿ, ಎದೆಹಾಲಿನಲ್ಲಿ ಬೇಕಾದಷ್ಟು ನೀರಿದೆ, ಮತ್ತೆ ಮತ್ತೆ ಕುಡಿಸಬೇಕು ಅಷ್ಟೇ. ಆದರೆ ಬಸ್ಸಿನಲ್ಲಿ ಪಕ್ಕ ಕೂತವರು ಬಾಟಲಿ ಮುಚ್ಚಳದಲ್ಲಿ ನೀರು ಹಾಕಿ "ಕೂಸಿನ ಗಂಟಲ ಒಣಗೇತಿ, ಒಂದು ಗುಟುಕು ಹಾಕು" ಅಂತ ಬಾಯಿಗೇ ತರುತ್ತಾರೆ. ಬೇಡ ಅಂದರೆ ಓದಿದ ಸೊಕ್ಕು ಅನ್ನುತ್ತಾರೆ. ಈಗ ಇದನ್ನು ಹಾಲುಣಿಸುವ ಕೊಠಡಿಗೆ ಜೋಡಿಸಿ ನೋಡಿ. ಹೊರಗೆ ಹಾಲು ಕುಡಿಸೋಕೆ ಮರ್ಯಾದೆಯ ಜಾಗ ಇಲ್ಲದಿದ್ದಕ್ಕೇ ಎಷ್ಟೋ ತಾಯಂದಿರು ಪ್ರಯಾಣದ ದಿನ ಬಾಟಲಿ ಹಿಡಿಯುತ್ತಾರೆ. ಪುಡಿ ಹಾಲು ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ನಮ್ಮ ಬಿಸಿಲಿನಲ್ಲಿ ಅಷ್ಟು ಹೊತ್ತೂ ನಂಬುವಂತಿಲ್ಲ. ಕಲಸುವ ನೀರು ಎಲ್ಲಿಯದು? ನಮ್ಮ ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕುದಿಸಿದರೂ ಹೋಗುವುದಿಲ್ಲ. ಬಾಟಲಿ ತೊಳೆಯುವುದು ಬಸ್‌ಸ್ಟ್ಯಾಂಡ್ ನಲ್ಲಿಯಲ್ಲಿ. ಆಮೇಲೆ ಮಗುವಿಗೆ ಭೇದಿ, ಆಸ್ಪತ್ರೆ, ಮತ್ತೆ ಅದೇ ಅಜ್ಜಿಯರು, "ಹೇಳಿದ್ನಿಲ್ಲೋ, ಕೂಸಿನ್ನ ತಗೊಂಡು ಹೊರಗ ಹೋಗಬ್ಯಾಡ ಅಂತ." ತಪ್ಪು ಪ್ರಯಾಣದ್ದಾಗಿಬಿಡುತ್ತದೆ. ಆ ಬೀಗದ ಹೆಸರು ಯಾರೂ ಎತ್ತುವುದಿಲ್ಲ.

ಹೋಗುವುದು ಹೇಗೆ ಅನ್ನೋದರ ಬಗ್ಗೆ ಎರಡು ಮಾತು. ನಮ್ಮಲ್ಲಿ ಜಾಸ್ತಿ ಜನ ಹೋಗುವುದು ಬೈಕಿನಲ್ಲಿ. ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ಮಗು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಗು ಬೈಕಿನಲ್ಲಿ ಇದ್ದರೆ ಅದಕ್ಕೆ ಅಳತೆಯ ಹೆಲ್ಮೆಟ್, ಓಡಿಸುವವರಿಗೆ ಕಟ್ಟುವ ಬೆಲ್ಟು ಇರಬೇಕು, ವೇಗ 40 ಕಿಲೋಮೀಟರ್ ದಾಟಬಾರದು ಅಂತ ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲೇ ನಿಯಮ ಮಾಡಿದೆ. ಆ ಅಳತೆಯ ಹೆಲ್ಮೆಟ್ ಹುಡುಕಿಕೊಂಡು ನಮ್ಮೂರ ಬಜಾರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ, ಅಂಗಡಿಯವರು ನಗುತ್ತಾರೆ. ಕಾರಿನವರೂ ನಗಬೇಡಿ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವವರನ್ನು ದಿನಾ ನೋಡುತ್ತೇವೆ. ಏರ್‌ಬ್ಯಾಗ್ ತೆರೆದರೆ ಆ ಮಗುವಿನ ಗತಿ ಏನು? ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ ಸಾವಿರ ರೂಪಾಯಿ ದಂಡ ಇದೆ. ಬಾಡಿಗೆ ಕಾರುಗಳಲ್ಲಿ ಹಿಂದಿನ ಸೀಟಿನ ಬೆಲ್ಟು ಕವರಿನ ಒಳಗೆ ಹೂತುಹೋಗಿರುತ್ತದೆ, ಹೊರಡುವ ಮುಂಚೆ ತೆಗೆಸಿ.

ರೈಲು ಎಲ್ಲದಕ್ಕಿಂತ ವಾಸಿ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಅಂದ್ರೆ ಟಿಕೆಟ್ ಇಲ್ಲ. ಆದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಮಿಡಲ್ ಬರ್ತೋ ಅಪ್ಪರ್ ಬರ್ತೋ ಬಂದರೆ ಏನು ಮಾಡಬೇಕು? ಗರ್ಭಿಣಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ. ಹೆರಿಗೆ ಆದ ಮೇಲೆ ಆ ಕೋಟಾ ಹೋಯಿತು. ಹೊಟ್ಟೆಯಲ್ಲಿದ್ದ ಮಗು ಕೈಗೆ ಬಂದ ಮೇಲೆ ಮೇಲೆ ಹತ್ತುವುದು ಸುಲಭ ಆಗುತ್ತಾ, ನೀವೇ ಹೇಳಿ. 2022ರ ಮೇ ತಿಂಗಳಲ್ಲಿ ಲಖನೌ ಮೇಲ್‌ನ ಒಂದು ಬೋಗಿಯಲ್ಲಿ ಲೋವರ್ ಬರ್ತಿಗೆ ಮಡಚುವ ಪುಟ್ಟ ಮಗು ಬರ್ತ್ ಜೋಡಿಸಿ ಪ್ರಯೋಗ ಮಾಡಿದ್ದರು, ಫೋಟೊ ನೋಡಿ ಖುಷಿಪಟ್ಟಿದ್ದೇ ಬಂತು. ನಮ್ಮ ಕಡೆಯ ಗಾಡಿಗೆ ಅದು ಬೇಡ, ಹಾಲು ಕುಡಿಯುವ ಮಗು ಇದ್ದವಳಿಗೂ ಆ ಲೋವರ್ ಕೋಟಾ ಅನ್ವಯ ಮಾಡಿದರೆ ಸಾಕು. ನಮ್ಮ ಸಂಸದರು ಇದನ್ನು ಒಂದು ಸಲ ಕೇಳಲಿ. ಹೊಸ ಗಾಡಿ ಕೇಳೋದಕ್ಕಿಂತ ಸುಲಭ ಅಲ್ವಾ?

ನಿಮ್ಮಿಂದ ನನಗೆ ಬೇಕಾದ್ದು ಎರಡು. ನಿಮ್ಮ ವರದಿಗಾರರು ತಾಲ್ಲೂಕು ತಾಲ್ಲೂಕಿಗೆ ಇದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ, ಸಂಡೂರು, ಈ ಕಡೆಯ ಬಸ್ ನಿಲ್ದಾಣ, ದೊಡ್ಡ ದೇವಸ್ಥಾನ, ತಾಲ್ಲೂಕು ಆಸ್ಪತ್ರೆಗಳಲ್ಲಿ ಹಾಲುಣಿಸುವ ಕೊಠಡಿ ಇದೆಯಾ, ತೆರೆದಿದೆಯಾ, ಒಳಗೆ ಏನಿದೆ ಅಂತ ಒಂದೇ ದಿನ ಹೋಗಿ ನೋಡಿಕೊಂಡು ಬರಲಿ. ಹೇಳದೆ ಹೋಗಬೇಕು, ಹೇಳಿದರೆ ಹಿಂದಿನ ದಿನ ಸುಣ್ಣ ಬಳಿದು ಗುಲಾಬಿ ಪರದೆ ಕಟ್ಟುತ್ತಾರೆ. ಮಧ್ಯಾಹ್ನ ಒಂದರಿಂದ ಮೂರರೊಳಗೆ ಹೋದರೆ ಇನ್ನೂ ಒಳ್ಳೇದು, ಕೀಲಿ ಕಾಣೆಯಾಗುವುದು ಆಗಲೇ. ಎಲ್ಲಿ ಚೆನ್ನಾಗಿದೆ ಅನ್ನೋದನ್ನೂ ಬರೆಯಿರಿ, ನಾವು ಆ ದಾರಿಯಲ್ಲೇ ಹೋಗುತ್ತೇವೆ. ಎರಡನೆಯದು, ಮುಂದಿನ ಸಲ ಪ್ರವಾಸದ ಪುರವಣಿ ಮಾಡುವಾಗ ಪ್ರತಿ ಜಾಗದ ಕೆಳಗೆ ಎಷ್ಟು ಮೆಟ್ಟಿಲು, ನೆರಳು ಎಲ್ಲಿ, ಹಾಲುಣಿಸುವ ಜಾಗ ಇದೆಯೋ ಇಲ್ಲವೋ ಅಂತ ಹಾಕಿ. ಇಲ್ಲ ಅಂದ್ರೆ ಇಲ್ಲ ಅಂತಲೇ ಹಾಕಿ, ಹೋಗಬೇಕೋ ಬೇಡವೋ ನಾವು ನೋಡಿಕೊಳ್ಳುತ್ತೇವೆ. ಮೊದಲು ಹುಣ್ಣಿಮೆ ಜಾತ್ರೆಗಳು ನಡೆಯುವ ಊರುಗಳಿಂದ ಶುರು ಮಾಡಿ, ಅಲ್ಲಿಗೆ ಜವಳಕ್ಕೆ ಬರುವ ಕೂಸುಗಳೇ ಜಾಸ್ತಿ.

ಇತಿ,
ಒಬ್ಬ ಓದುಗಿ, ಕೊಪ್ಪಳ